ಪಾಸ್‌ವರ್ಡ್ ಇರುವ ಆಕ್ಸೆಸ್ ಕಡತ ವಿಬಿ ಡಾಟ್ ನೆಟ್ ಪ್ರೋಗ್ರಾಮಿನಿಂದ ಏಕೆ ತೆರೆಯುತ್ತಿಲ್ಲ?

ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್ ಒಪ್ಪಿಕೊಳ್ಳುವ ಪಾಸ್‌ವರ್ಡನ್ನೇ ಪ್ರೋಗ್ರಾಮಿನಿಂದ ಕೊಟ್ಟಾಗ, ವರ್ಕ್‌ಗ್ರೂಪ್ ಕಡತ ಸಿಗುತ್ತಿಲ್ಲ ಅಥವಾ ಬೇರೆಯವರು ಅದನ್ನು ತೆರೆದಿಟ್ಟಿದ್ದಾರೆ ಎಂಬ ಸಂದೇಶ ಬರುತ್ತಿದೆ ಎಂದಿದ್ದೀರಿ. ಇದೇ ಸಂದೇಶ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ನನ್ನ ಮೂರು ದಿನಗಳನ್ನು ತಿಂದಿತ್ತು.

ದಿನಸಿ ದಾಸ್ತಾನಿನ ಲೆಕ್ಕಕ್ಕೆ ನಾನು ಬರೆದ ಪ್ರೋಗ್ರಾಮಿನ ಎಂಡಿಬಿ (ಆಕ್ಸೆಸ್ ಡೇಟಾಬೇಸ್) ಕಡತ ಮಾಳಿಗೆಯ ಕಂಪ್ಯೂಟರಿನಲ್ಲಿತ್ತು. 'ಬೇರೆಯವರು' ಎಂಬ ಪದವನ್ನು ನಂಬಿ, ಗಲ್ಲಾದ ಕಂಪ್ಯೂಟರೇ ಅದನ್ನು ಹಿಡಿದಿಟ್ಟಿದೆಯೆಂದು ತೀರ್ಮಾನಿಸಿ, ಹೊರಗೆ ಊಟಕ್ಕೆ ಸಾಲು ನಿಂತಿದ್ದ ಹೊತ್ತಿನಲ್ಲೇ ಅದನ್ನು ಆರಿಸಿ ಎಂದು ಕೇಳಿದೆ. "ಮಾರಾಯಾ, ಮೊದಲು ಗಿರಾಕಿ, ಆಮೇಲೆ ನಿನ್ನ ಪೆಟ್ಟಿಗೆ" ಎಂದರು ಮಾಲೀಕರು.

ಮೂರನೆಯ ರಾತ್ರಿ ಡೊಂಬಿವಲಿಯ ಲೋಕಲ್‌ನಲ್ಲಿ, ಬಿಲ್ಲಿನ ಹಿಂಬದಿಗೆ ಬರೆದುಕೊಂಡಿದ್ದ ಕನೆಕ್ಷನ್ ಸ್ಟ್ರಿಂಗನ್ನು, ಅಂದರೆ ಕಡತ ತೆರೆಯಲು ಪ್ರೋಗ್ರಾಮು ಕೊಡುವ ವಿವರಗಳ ಸಾಲನ್ನು, ಓದುವಾಗ ತಪ್ಪು ಕಣ್ಣಿಗೆ ಬಿತ್ತು. ನಾನು 'ಪಾಸ್‌ವರ್ಡ್=' ಎಂದಷ್ಟೇ ಬರೆದಿದ್ದೆ. ಎಂಡಿಬಿಯನ್ನು ತೆರೆದು ಓದುವ ಎಂಜಿನ್ ಆದ ಜೆಟ್ 4.0 ಅದನ್ನು ಬಳಕೆದಾರನ ಪಾಸ್‌ವರ್ಡ್ ಎಂದು ಓದುತ್ತದೆ; ಬಳಕೆದಾರರ ಪಟ್ಟಿ ಇರುವುದು ವರ್ಕ್‌ಗ್ರೂಪ್ ಕಡತದಲ್ಲಾದ್ದರಿಂದ, ನಾವು ಎಂದೂ ಮಾಡಿರದ ಆ ಕಡತವನ್ನು ಹುಡುಕಲು ಹೊರಡುತ್ತದೆ. ಕಡತಕ್ಕೇ ಹಾಕಿದ ಬೀಗಕ್ಕೆ ಬೇಕಾದ ಹೆಸರು 'ಜೆಟ್ ಒಎಲ್‌ಇಡಿಬಿ:ಡೇಟಾಬೇಸ್ ಪಾಸ್‌ವರ್ಡ್='. ನಡುವಿನ ಕೋಲನ್ ಬಿಡಬೇಡಿ. ಜೆಟ್‌ನ ನಂತರ ಬಂದ ಎಂಜಿನ್ ಎಸಿಇ 12.0 ಬಳಸಿದರೂ ಆ 'ಜೆಟ್' ಹಾಗೆಯೇ ಇರಬೇಕು, ವಿಚಿತ್ರವೆನಿಸಿದರೂ.

ಪಾಸ್‌ವರ್ಡನ್ನು ಪ್ರೋಗ್ರಾಮಿನೊಳಗೆ ಹೇಗೆ ಬಚ್ಚಿಡಬೇಕೆಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎಂಡಿಬಿಯ ಪಾಸ್‌ವರ್ಡ್ ಕಡತದ ಆರಂಭದಲ್ಲೇ, ಸುಲಭವಾಗಿ ಬಿಡಿಸಬಹುದಾದ ರೂಪದಲ್ಲಿ ಕೂತಿರುತ್ತದೆ; ಒಳಗಿನ ಮಾಹಿತಿಯನ್ನು ಅದು ಗೂಢಲಿಪಿಗೆ ತಿರುಗಿಸುವುದೂ ಇಲ್ಲ. ಮೇಲಾಗಿ, ಹಲವರು ಒಟ್ಟಿಗೆ ಬಳಸುವಾಗ ಯಾರು ತೆರೆದಿದ್ದಾರೆಂದು ಗುರುತಿಟ್ಟುಕೊಳ್ಳುವ ಎಲ್‌ಡಿಬಿ ಕಡತ ಪಕ್ಕದಲ್ಲೇ ಹುಟ್ಟಬೇಕಾದ್ದರಿಂದ, ಆ ಫೋಲ್ಡರಿನಲ್ಲಿ ಎಲ್ಲರಿಗೂ ಬರೆಯುವ ಅನುಮತಿ ಕೊಡಬೇಕಾಗುತ್ತದೆ. ಕೊಟ್ಟ ಮೇಲೆ ಯಾರಾದರೂ ಇಡೀ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ತಡೆಯಲಾಗದು. ಆ ಹೋಟೆಲಿನ ಲೆಕ್ಕವನ್ನು ನಾನು ಕೊನೆಗೆ ಉಚಿತವಾಗಿ ಸಿಗುವ ಡೇಟಾಬೇಸ್ ಸರ್ವರ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ವರ್ಗಾಯಿಸಿದೆ; ಮೂಲ ಕಡತ ಈಗ ಗಲ್ಲಾದವರ ಕೈಗೆ ಸಿಗುವುದೇ ಇಲ್ಲ.

ನಿಮ್ಮದು ಒಂದೇ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮಾದರೆ ಎಂಡಿಬಿ ಇರಲಿ. ಸದ್ಯಕ್ಕೆ ಕನೆಕ್ಷನ್ ಸ್ಟ್ರಿಂಗಿನ ಆ ಹೆಸರನ್ನು ತಿದ್ದಿ, ಪ್ರೋಗ್ರಾಮಿನ ಬಿಲ್ಡನ್ನು 32 ಬಿಟ್‌ಗೆ ಇಟ್ಟು ನೋಡಿ. ಜೆಟ್‌ಗೆ 64 ಬಿಟ್ ರೂಪವೇ ಇಲ್ಲ.