ಜೀಪ್ ಮನೆಯಲ್ಲೇ ಇರಲಿ, ನೀವಿಬ್ಬರೂ ಹೊರಡಿ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮಡಿಕೇರಿ ಪಕ್ಕದ ಹಳ್ಳಿ ನಮ್ಮದು. ಮದುವೆಯಾಗಿ ಏಳು ವರ್ಷ ಆಯಿತು. ಮಗಳು ಒಂದನೇ ಕ್ಲಾಸಿಗೆ ಹೋಗುತ್ತಾಳೆ. ನಮ್ಮವರು ಪ್ರವಾಸಿಗರಿಗೆ ಜೀಪ್ ಓಡಿಸುತ್ತಾರೆ. ಬೆಳಗಿನ ಜಾವವೇ ಎದ್ದು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗುತ್ತಾರೆ. ಆಮೇಲೆ ಅಬ್ಬಿ ಜಲಪಾತ, ರಾಜಾಸೀಟ್ ಅಂತ ಸುತ್ತಿ ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಶನಿವಾರ, ಭಾನುವಾರ ಮುಖ ನೋಡುವುದೂ ಕಷ್ಟ. ಬುಧವಾರ ಮಾತ್ರ ಬಾಡಿಗೆ ಕಡಿಮೆ, ಮನೆಯಲ್ಲಿರುತ್ತಾರೆ. ಆ ದಿನ ಮೊಬೈಲ್ ಹಿಡಿದು ಮಲಗಿಬಿಡುತ್ತಾರೆ. ಎಲ್ಲಾದರೂ ಹೋಗೋಣ ಅಂದರೆ, 'ಅಲ್ಲೇನಿದೆ, ನಾನು ದಿನಾ ನೋಡೋದೇ ಅಲ್ವಾ' ಅನ್ನುತ್ತಾರೆ. ಒಮ್ಮೆ ಹಟ ಮಾಡಿ ಮೈಸೂರಿಗೆ ಹೋದೆವು. ನಾಲ್ಕು ಸಾವಿರ ಖರ್ಚಾಯಿತು. ವಾಪಸ್ ಬರುವಾಗ ಅದಕ್ಕೇ ಜಗಳ. ಜೀಪಿನ ಸಾಲ ಇದೆ, ಮಳೆಗಾಲದಲ್ಲಿ ಸಂಪಾದನೆ ಇಲ್ಲ, ನನಗೆ ಗೊತ್ತು. ನಾನೂ ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಅವತ್ತು ಜೀಪಿಗೆ ಬಂದ ಗಂಡ ಹೆಂಡತಿಯರ ಕಥೆ ನಗುತ್ತಾ ಹೇಳುತ್ತಾರೆ. ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಇವತ್ತಿನವರೆಗೂ ಮಾಂದಲ್‌ಪಟ್ಟಿ ನೋಡಿಲ್ಲ. ಅತ್ತೆ, 'ಊರವರೇ ಊರು ನೋಡೋಕೆ ಹೋಗ್ತಾರಾ' ಅಂತ ಕೇಳುತ್ತಾರೆ. ಮಗಳು ನಾಲ್ಕು ಗಂಟೆಗೆ ಶಾಲೆಯಿಂದ ಬರುತ್ತಾಳೆ, ಸಂಜೆ ಹಾಲು ಕರೆಯಬೇಕು, ಹಾಗಾಗಿ ಹೋಗುವುದಾದರೆ ಹಗಲಲ್ಲೇ. ಇಂಥ ಆಸೆ ಇಟ್ಟುಕೊಳ್ಳುವುದೇ ತಪ್ಪಾ? ಕೇಳುವುದನ್ನು ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಂಗಿ. ನೀವು ಕೇಳುತ್ತಿರುವುದು ವಾರಕ್ಕೆ ಅರ್ಧ ದಿನ ಗಂಡನ ಜೊತೆ ಕಳೆಯುವ ಅವಕಾಶ. ಅದು ದೊಡ್ಡ ಆಸೆಯೂ ಅಲ್ಲ, ತಪ್ಪು ಆಸೆಯೂ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಒಂದು ಮಾತಿದೆ. ರಾತ್ರಿ ಊಟಕ್ಕೆ ಕೂತಾಗ ಅವರು ದಿನದ ಕಥೆ ಹೇಳುತ್ತಾರೆ ಅಂದಿರಲ್ಲ, ಅದು. ಹೆಂಡತಿ ಬೇಡವಾದ ಗಂಡಸು ಊಟ ಮುಗಿಸಿ ಎದ್ದು ಹೋಗುತ್ತಾನೆ. ಇವರು ನಿಮಗೆ ಹೇಳಲಿಕ್ಕೆಂದೇ ಕಥೆ ಹೊತ್ತು ತರುತ್ತಾರೆ. ಆ ಕಥೆ ನಿಮ್ಮನ್ನು ಎಲ್ಲಿ ಚುಚ್ಚುತ್ತದೆ ಅನ್ನುವುದು ಅವರಿಗೆ ಹೊಳೆದೇ ಇಲ್ಲ. ಅದನ್ನು ನೀವು ಬಾಯಿಬಿಟ್ಟು ಹೇಳಬೇಕು. ಅವರು ಸುಸ್ತಾಗಿ ಬಂದ ರಾತ್ರಿ ಬೇಡ. ಬುಧವಾರ ಬೆಳಗ್ಗೆ ಕಾಫಿ ಕೊಡುವಾಗ ಹೇಳಿ. 'ಬೇರೆಯವರ ಹೆಂಡತಿಯರಿಗೆ ನೀವು ಬೆಟ್ಟ ತೋರಿಸಿದ ಕಥೆ ಕೇಳಿದಾಗ ನನಗೆ ಬೇಜಾರಾಗುತ್ತೆ' ಅಂದರೆ ಸಾಕು. 'ನೀವು ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ' ಅಂತ ಏಳು ವರ್ಷದ ಲೆಕ್ಕ ತೆಗೆದರೆ ಅವರೂ ಮೈಸೂರಿನ ಲೆಕ್ಕ ತೆಗೆಯುತ್ತಾರೆ.

ಇನ್ನು ಅವರ ಕಡೆಯಿಂದಲೂ ಸ್ವಲ್ಪ ನೋಡೋಣ. ಬೇಕರಿಯಲ್ಲಿ ದಿನವಿಡೀ ನಿಂತವರು ಮನೆಗೆ ಬಂದು ಕೇಕ್ ಕೇಳುವುದಿಲ್ಲ. ಮಾಂದಲ್‌ಪಟ್ಟಿ ದಾರಿಯ ಕಲ್ಲು, ಕೆಸರು, ತಿರುವು, ಎದುರಿಗೆ ಬರುವ ಜೀಪಿಗೆ ಜಾಗ ಕೊಡುವುದು, ಹಿಂದೆ ಕೂತವರು ಬೀಳದಂತೆ ನೋಡುವುದು, ಇವೆಲ್ಲ ಅವರ ಮೈಗೆ ಅಂಟಿಕೊಂಡಿವೆ. ನೀವು 'ಸುತ್ತೋಣ' ಅಂದ ಕೂಡಲೇ ಅವರ ಕಣ್ಣಿಗೆ ಸ್ಟೇರಿಂಗ್ ಕಾಣುತ್ತದೆ. ಡೀಸೆಲ್ ಕಾಣುತ್ತದೆ. ನೀವಿಬ್ಬರೂ ಒಂದೇ ಶಬ್ದ ಬಳಸುತ್ತೀರಿ, ಒಬ್ಬರಿಗೆ ಅದು ಬಿಡುವು, ಇನ್ನೊಬ್ಬರಿಗೆ ಡ್ಯೂಟಿ.

ಹಾಗಾಗಿ ನನ್ನ ಸಲಹೆ ಇಷ್ಟೇ: ಬುಧವಾರ ಅವರ ಕೈಗೆ ಸ್ಟೇರಿಂಗ್ ಕೊಡಬೇಡಿ. ಜೀಪ್ ಮನೆಯಲ್ಲೇ ನಿಲ್ಲಲಿ. ಬಸ್ಸಲ್ಲಿ ಹೋಗಿ, ನಡೆದು ನೋಡಿ. ಕಿಟಕಿ ಪಕ್ಕ ಅವರನ್ನು ಕೂರಿಸಿ. ತಾವೇ ಓಡಿಸುವ ರಸ್ತೆಯನ್ನು ಪಕ್ಕಕ್ಕೆ ತಿರುಗಿ ನೋಡುವ ಭಾಗ್ಯ ಡ್ರೈವರ್‌ಗಳಿಗೆ ಸಿಗುವುದೇ ಇಲ್ಲ. ಖರ್ಚೂ ತಾನಾಗಿಯೇ ಇಳಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಇಟ್ಟುಕೊಳ್ಳಿ, ಅವರಿಗೊಂದು ಟಿಕೆಟ್ ತೆಗೆದರೆ ಆಯಿತು. ನಮ್ಮ ಜಿಲ್ಲೆಯಲ್ಲಿ ಪ್ರೈವೇಟ್ ಬಸ್ ಜಾಸ್ತಿ, ಅದರಲ್ಲಿ ಇಬ್ಬರಿಗೂ ಟಿಕೆಟ್ ಬೇಕು. ಹಾಗಾಗಿ ಸರ್ಕಾರಿ ಬಸ್ಸಿನ ಟೈಮ್ ಮೊದಲೇ ಕೇಳಿಕೊಳ್ಳಿ.

ಮೊದಲ ಬುಧವಾರಕ್ಕೆ ದೂರದ ಆಸೆ ಬೇಡ. ಮಡಿಕೇರಿಯೇ ಇರಲಿ. ಮಗಳನ್ನು ಶಾಲೆಗೆ ಕಳಿಸಿ ಹೊರಟರೆ ಓಂಕಾರೇಶ್ವರ ದೇವಸ್ಥಾನಕ್ಕೆ ಪೂಜೆಯ ಹೊತ್ತಿಗೇ ತಲುಪುತ್ತೀರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಮೊದಲು ಅಲ್ಲಿಗೆ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಗುಡಿ. ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಮುಂದೆ ಕೆರೆ, ಕೆರೆಯ ನಡುವೆ ಮಂಟಪ. ಎಷ್ಟು ಸಲ ಕೈ ಮುಗಿದು ಬಂದಿರುತ್ತೀರೋ. ಈ ಸಲ ಮೆಟ್ಟಿಲ ಮೇಲೆ ಕೂತು ಮೀನು ನೋಡಿ. ಆತುರ ಬೇಡ.

ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಒಳಗೆ ಅರಮನೆ ಇದೆ, ಸರ್ಕಾರಿ ಕಚೇರಿಗಳು ಇದ್ದ ಕಟ್ಟಡ. ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ನಮ್ಮವರು ಅಲ್ಲಿ ಅಲೆದದ್ದೇ ಜಾಸ್ತಿ, ನಿಂತು ನೋಡಿದ್ದು ಕಡಿಮೆ. ಆಳೆತ್ತರ ಮೀರಿದ ಎರಡು ಗಾರೆ ಆನೆಗಳ ಹತ್ತಿರ ಫೋಟೊ ತೆಗೆಸಿಕೊಳ್ಳಿ. 1855ರ ಹಳೆಯ ಚರ್ಚ್ ಕಟ್ಟಡದಲ್ಲಿ ಈಗ ಮ್ಯೂಸಿಯಂ ಇದೆ. ಹಳೆಯ ವಿಗ್ರಹ, ವೀರಗಲ್ಲು, ಆಯುಧಗಳನ್ನು ಇಟ್ಟಿದ್ದಾರೆ.

ಆಮೇಲೆ ಗದ್ದಿಗೆ, ಕೊಡಗಿನ ರಾಜರ ಸಮಾಧಿ ಇರುವ ಜಾಗ. ನನ್ನನ್ನು ಕೇಳಿದರೆ ಮಡಿಕೇರಿಯಲ್ಲಿ ಗಂಡ ಹೆಂಡತಿ ಹೋಗಿ ಕೂರಬೇಕಾದ ಜಾಗ ಅದೇ. ರಾಜಾಸೀಟಿಗೆ ಬರುವ ಜನದಲ್ಲಿ ಕಾಲು ಭಾಗವೂ ಅಲ್ಲಿಗೆ ಬರುವುದಿಲ್ಲ. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮ ಒಂದೇ ಸೂರಿನ ಕೆಳಗೆ ಮಲಗಿದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನ ಗದ್ದಿಗೆ. ಸುತ್ತ ಹುಲ್ಲುಹಾಸು, ದೊಡ್ಡ ಬಯಲು, ಕೆಳಗೆ ಊರು ಕಾಣುತ್ತದೆ. ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಕಟ್ಟಿಕೊಂಡು ಹೋಗಿದ್ದರೆ ಹೊರಗಡೆ ಮರದ ನೆರಳಲ್ಲಿ ಕೂತು ತಿನ್ನಿ. ಸಮಾಧಿಯ ಜಗಲಿ ಮೇಲೆ ಬೇಡ, ಅದು ಪೂಜೆ ನಡೆಯುವ ಜಾಗ. ಎಲೆ, ಕಾಗದ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ಪ್ರವಾಸಿಗರು ಬಿಸಾಡಿ ಹೋಗುವುದನ್ನು ನೋಡಿ ನೋಡಿ ನಿಮ್ಮವರಿಗೂ ಸಾಕಾಗಿರುತ್ತದೆ.

ಇಷ್ಟಕ್ಕೆ ಎಷ್ಟು ಖರ್ಚಾಯಿತು? ಬಸ್ಸು, ಪೇಟೆಯಲ್ಲಿ ಎರಡು ಕಾಫಿ, ಮಗಳಿಗೆ ಬೇಕರಿಯಿಂದ ಏನಾದರೂ. ಮುನ್ನೂರು ರೂಪಾಯಿ ಅಂತ ಮೊದಲೇ ತೆಗೆದು ಬೇರೆ ಪರ್ಸಿನಲ್ಲಿಡಿ. ಮುಗಿದರೆ ಮುಗಿಯಿತು, ಅದರ ಮೇಲೆ ಒಂದು ರೂಪಾಯಿ ಬೇಡ. ಮೈಸೂರಿನ ಜಗಳ ಆಗಿದ್ದು ನಾಲ್ಕು ಸಾವಿರ ಹೋದದ್ದಕ್ಕಿಂತ ಹೆಚ್ಚಾಗಿ, ಎಷ್ಟಾಗುತ್ತದೆ ಅಂತ ಹೊರಡುವಾಗ ಇಬ್ಬರಿಗೂ ಗೊತ್ತಿಲ್ಲದ್ದಕ್ಕೆ. ಸಾಲ ಇರುವ ಮನುಷ್ಯ ಹೊರಗೆ ಕಾಲಿಟ್ಟಾಗಿನಿಂದ ಮನಸ್ಸಿನಲ್ಲೇ ಕೂಡುತ್ತಿರುತ್ತಾನೆ. ಆ ಭಯ ಇಲ್ಲದಿದ್ದರೆ ಮಾತಿಗೂ ಸಿಗುತ್ತಾನೆ. ಒಂದು ಬುಧವಾರ ನಿಮ್ಮ ಹೊಲಿಗೆ ದುಡ್ಡು, ಇನ್ನೊಂದು ಬುಧವಾರ ಅವರದು. ಮುಚ್ಚಿಟ್ಟು ಖರ್ಚು ಮಾಡಬೇಡಿ.

ಅವರಿಗೆ ಸೈನ್ಯದ ವಿಷಯ ಇಷ್ಟ ಇದ್ದರೆ ಇನ್ನೊಂದು ಬುಧವಾರ 'ಸನ್ನಿ ಸೈಡ್'ಗೆ ಹೋಗಿ. ಜನರಲ್ ತಿಮ್ಮಯ್ಯ ಅವರ ಮನೆ, 2021ರ ಫೆಬ್ರವರಿಯಿಂದ ಮ್ಯೂಸಿಯಂ ಆಗಿದೆ. ಶುಕ್ರವಾರ ಅವರಿಗೆ ಬಿಡುವು ಸಿಕ್ಕರೆ ಮಡಿಕೇರಿ ಸಂತೆಗೇ ಇಬ್ಬರೂ ಹೋಗಿ, ಹೇಗೂ ಹೋಗಲೇಬೇಕಲ್ಲ. ಚೀಲ ಅವರು ಹಿಡಿಯಲಿ.

ಸ್ವಲ್ಪ ದೂರ ಹೋಗುವ ಮನಸ್ಸಾದಾಗ ಭಾಗಮಂಡಲ. ಮಡಿಕೇರಿಯಿಂದ ಸುಮಾರು 40 ಕಿಲೋಮೀಟರ್. ಬೆಳಗ್ಗೆ ಬೇಗ ಬಸ್ ಹತ್ತಬೇಕು. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತು, ದೇವರ ದರ್ಶನ ಮಾಡಿ, ಅಲ್ಲೇ ಪ್ರಸಾದದ ಊಟ ಮುಗಿಸಿ ಬರಬಹುದು. ತಲಕಾವೇರಿ ಅಲ್ಲಿಂದ ಇನ್ನೂ 8 ಕಿಲೋಮೀಟರ್ ಮೇಲಕ್ಕೆ. ಅದನ್ನೂ ಅದೇ ದಿನಕ್ಕೆ ಸೇರಿಸಿದರೆ ನಾಲ್ಕು ಗಂಟೆಯೊಳಗೆ ಮನೆ ಸೇರುವ ಚಿಂತೆಯಲ್ಲೇ ಎಲ್ಲ ಮುಗಿಯುತ್ತದೆ. ಬಿಡಿ. ಅಕ್ಟೋಬರ್‌ನ ತೀರ್ಥೋದ್ಭವದ ಹೊತ್ತಿಗಂತೂ ಇಬ್ಬರೇ ಸಮಾಧಾನವಾಗಿ ಕೂರುವ ಮಾತೇ ಇಲ್ಲ, ಅಷ್ಟು ಜನ.

ಕುಶಾಲನಗರದ ಕಡೆಗೆ ಬಸ್ಸು ಬೇಕಾದಷ್ಟಿವೆ. ಕಾವೇರಿ ನಿಸರ್ಗಧಾಮಕ್ಕೆ ಟಿಕೆಟ್ ಇದೆ. ತೂಗು ಸೇತುವೆ ದಾಟಿದರೆ ಬಿದಿರು ಮೆಳೆಯ ನೆರಳು. ಭಾನುವಾರದ ಗಲಾಟೆ ಬುಧವಾರ ಇರುವುದಿಲ್ಲ. ಹೊಳೆ ದಾಟಿ ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋದರೆ ಟಿಬೆಟನ್ನರ ಗೋಲ್ಡನ್ ಟೆಂಪಲ್. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಅಲ್ಲಿನ ಸಣ್ಣ ಹೋಟೆಲಿನಲ್ಲಿ ಒಂದು ಪ್ಲೇಟ್ ಮೊಮೊ ಹಂಚಿಕೊಂಡು ತಿನ್ನಿ. ಎರಡನ್ನೂ ಒಂದೇ ದಿನ ನೋಡಲೇಬೇಕು ಅಂತಿಲ್ಲ. ಪ್ರವಾಸಿಗರಿಗೆ ಆ ಅವಸರ ಇರುತ್ತದೆ, ಅವರು ಮತ್ತೆ ಯಾವಾಗ ಬರುತ್ತಾರೋ. ನಿಮಗೆ ಮುಂದಿನ ಬುಧವಾರ ಇದೆ.

ನಾಲ್ಕುನಾಡು ಅರಮನೆಯನ್ನು ಮಾತ್ರ ಮಗಳ ರಜೆಗೆ ಇಟ್ಟುಕೊಳ್ಳಿ. ಕಕ್ಕಬ್ಬೆಯಿಂದ ಆಚೆ ಹೋಗಬೇಕು, ಶಾಲೆ ಬಿಡುವ ಹೊತ್ತಿಗೆ ವಾಪಸ್ ಬರುವುದು ಕಷ್ಟ.

ದುಡ್ಡೇ ಬೇಡದ ಒಂದು ಸಂಗತಿಯನ್ನು ಹೇಳಲೇಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕೆಲವು ದಿನಕ್ಕೆ ಕಾಫಿ ಅರಳುತ್ತದಲ್ಲ, ಆಗ ನಿಮ್ಮ ಹಳ್ಳಿಯ ರಸ್ತೆಯಲ್ಲೇ ಇಬ್ಬರೂ ಒಂದು ಮೈಲಿ ನಡೆಯಿರಿ. ಎರಡು ಮೂರು ದಿನದಲ್ಲಿ ಹೂ ಕಂದುತ್ತದೆ, ಬುಧವಾರಕ್ಕೆ ಕಾಯಬೇಡಿ. ಆ ಪರಿಮಳಕ್ಕೆ ಜನ ಬೆಂಗಳೂರಿನಿಂದ ಬರುತ್ತಾರೆ. ನಾವು ಪಿಕ್ಕಿಂಗಿಗೆ ಆಳು ಸಿಗುತ್ತದಾ, ಮಳೆ ಸಾಕಾ ಅಂತಲೇ ಅದರ ಮಧ್ಯೆ ಓಡಾಡುತ್ತೇವೆ. ಹತ್ತು ಗಂಟೆ ಮೇಲೆ ಹೋಗಿ, ಬೆಳಕಿದ್ದಾಗಲೇ ಬನ್ನಿ. ತೋಟದ ದಾರಿಯಲ್ಲಿ ಮುಂಜಾನೆ, ಮುಸ್ಸಂಜೆ ಆನೆ ಸಿಗುವ ಕಾಲ ಇದು. ನಿಮಗೆ ಹಗಲು ಮಾತ್ರ ಸಿಗುತ್ತದೆ ಅಂತ ಬೇಸರ ಮಾಡಿಕೊಂಡಿದ್ದೀರಿ. ಕೊಡಗಿನಲ್ಲಿ ನಡೆದು ಸುತ್ತುವವರಿಗೆ ಅದೇ ಸರಿಯಾದ ಹೊತ್ತು.

ಮಳೆಗಾಲದ ಬಗ್ಗೆ ಬೇರೆಯಾಗಿ ಹೇಳಬೇಕು, ನಿಮಗೆ ಕಷ್ಟದ ಕಾಲ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಮನೆಯಲ್ಲಿರುವ ದಿನ ಜಾಸ್ತಿ, ಕೈಯಲ್ಲಿ ದುಡ್ಡು ಕಡಿಮೆ. ಸಂಪಾದನೆ ಇಲ್ಲದೆ ಮನೆಯಲ್ಲಿ ಕೂತ ಗಂಡಸಿನ ಮೌನವನ್ನು ಸಿಟ್ಟು ಅಂತ ತಿಳಿಯುವುದು ಸುಲಭ. ಹೆಚ್ಚಿನ ಸಲ ಅದು ನಾಚಿಕೆ. ಆಗ ಹೊಳೆ, ಜಲಪಾತ, ಗುಡ್ಡದ ಅಂಚು ಯಾವುದೂ ಬೇಡ. ಆಗಸ್ಟ್ 2018ರಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಸ್ವಲ್ಪ ಬಿಟ್ಟ ದಿನ ಕೊಡೆ ಹಿಡಿದು ಪೇಟೆಗೆ ಹೋಗಿ ಬಿಸಿ ಬಿಸಿ ಏನಾದರೂ ತಿಂದು ಬನ್ನಿ, ಸಾಕು. ಕೊಡವ ತಿಂಗಳು ಕಕ್ಕಡದ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪು ಕೊಯ್ಯಲು ಇಬ್ಬರೂ ಒಟ್ಟಿಗೆ ಹೋಗಿ. ಆ ಸೊಪ್ಪಿನ ಪಾಯಸ ಅತ್ತೆಯೇ ಮಾಡಲಿ.

ಅತ್ತೆಯ ಮಾತಿಗೆ ಬರೋಣ. 'ಊರವರೇ ಊರು ನೋಡ್ತಾರಾ' ಅನ್ನುವುದರಲ್ಲಿ ಕೆಡುಕು ಇಲ್ಲ ಅನಿಸುತ್ತದೆ. ಅವರ ಕಾಲದಲ್ಲಿ ಗಂಡ ಹೆಂಡತಿ ಒಟ್ಟಿಗೆ ಹೋಗಿದ್ದು ಮದುವೆಗೆ, ಸಾವಿಗೆ, ಸಂತೆಗೆ. ಸುಮ್ನೆ ಹೋಗುವುದು ಅಂತ ಒಂದು ಇರುತ್ತದೆ ಅನ್ನುವುದೇ ಅವರಿಗೆ ಹೊಸದು. ಸುಳ್ಳು ಹೇಳಿ ಹೋಗಬೇಡಿ. ಬ್ಯಾಂಕಿಗೆ ಹೋಗುತ್ತೇವೆ ಅಂತ ಹೇಳಿ ಗದ್ದಿಗೆಯಲ್ಲಿ ಕೂತರೆ ಸಂಜೆಯೊಳಗೆ ಯಾರೋ ನೋಡಿ ಹೇಳಿರುತ್ತಾರೆ, ಊರು ಅಷ್ಟು ಚಿಕ್ಕದು. 'ಅವ್ವಾ, ನಾವಿಬ್ಬರೂ ಸುತ್ತಿಕೊಂಡು ಬರ್ತೀವಿ, ನಾಲ್ಕಕ್ಕೆ ಮನೆಯಲ್ಲಿರ್ತೀವಿ' ಅಂತ ನಿಮ್ಮವರೇ ಹೇಳಲಿ. ಹೇಳಿದ ಹೊತ್ತಿಗೆ ಬನ್ನಿ. ಎರಡು ಮೂರು ವಾರ ಹಾಗೆ ನಡೆದರೆ ಪ್ರಶ್ನೆ ನಿಲ್ಲುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ಹಾಕಿ ನಡೆಯುತ್ತದಲ್ಲ, 1997ರಲ್ಲಿ ಕರಡದಲ್ಲಿ ಶುರುವಾದದ್ದು, ಅಲ್ಲಿಗೆ ಒಂದು ದಿನ ಅತ್ತೆ, ಮಗಳು ಎಲ್ಲರೂ ಹೋಗಿ. ನೋಡಲು ಯಾರು ಬೇಕಾದರೂ ಹೋಗಬಹುದು. ಆದರೆ ಅದನ್ನು ನಿಮ್ಮ ಬುಧವಾರದ ಲೆಕ್ಕಕ್ಕೆ ಸೇರಿಸಬೇಡಿ.

ಮೊದಲ ಸಲ ಕೇಳಿದಾಗ ಅವರು ಮಗ್ಗುಲು ಬದಲಿಸಿ ಮಲಗಬಹುದು. 'ಎಲ್ಲಾದರೂ ಹೋಗೋಣ' ಅಂತ ಕೇಳಿದರೆ ಹಾಗೇ ಆಗುತ್ತದೆ, ಯಾಕೆಂದರೆ ಯೋಚಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. 'ಒಂಬತ್ತೂವರೆ ಬಸ್ಸು, ಬುತ್ತಿ ಕಟ್ಟಿದ್ದೇನೆ, ಮಧ್ಯಾಹ್ನ ಬಂದು ಮಲಗಿ' ಅನ್ನಿ. ಅವರಿಗೆ ನಿದ್ದೆ ನಿಜವಾಗಿಯೂ ಬೇಕು, ವಾರವಿಡೀ ಜಾವದಲ್ಲಿ ಏಳುವವರು. ಅದನ್ನು ಕಿತ್ತುಕೊಂಡು ಸುತ್ತಾಟ ಕೇಳಬೇಡಿ. ಆಗಲೂ ಬರಲಿಲ್ಲ ಅಂದರೆ ಗೆಳತಿಯ ಜೊತೆ ನೀವು ಹೋಗಿ ಬನ್ನಿ. ಮುನಿಸಿಕೊಂಡು ಹೋಗಬೇಡಿ, ಹೇಳಿ ಹೋಗಿ, ರಾತ್ರಿ ಊಟಕ್ಕೆ ಕೂತಾಗ ಈ ಸಲ ನೀವು ಕಥೆ ಹೇಳಿ. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಅವರು ನಿಮ್ಮ ಜೊತೆ ಎಲ್ಲಿಗೂ ಬರಲು ಒಪ್ಪದೆ ಹೋದರೆ, ಮಾತು ಕೂಡ ನಿಂತರೆ, ಆಗ ವಿಷಯ ಸುಸ್ತಿಗಿಂತ ಬೇರೆ ಏನೋ ಇದೆ. ಆಗ ಮತ್ತೆ ಬರೆಯಿರಿ.

ಮಾಂದಲ್‌ಪಟ್ಟಿಯನ್ನು ನಾನು ಮರೆತಿಲ್ಲ. ನೀವು ನೋಡಲೇಬೇಕು, ಅದೂ ಅವರ ಜೀಪಿನಲ್ಲೇ, ಮುಂದಿನ ಸೀಟಿನಲ್ಲಿ. ಆದರೆ ಈಗಲೇ ಕೇಳಬೇಡಿ. ನಾಲ್ಕೈದು ಬುಧವಾರ ಬಸ್ಸಲ್ಲಿ ಓಡಾಡಿ, ಅವರಿಗೆ ನಿಮ್ಮ ಜೊತೆ ಹೊರಗೆ ಹೋಗುವುದು ಹಗುರ ಅನಿಸಲಿ. ಮಳೆ ಮುಗಿದು ದಾರಿ ಒಣಗಿದ ಮೇಲೆ, ಪ್ರವಾಸಿಗರು ಕಡಿಮೆ ಇರುವ ವಾರದ ನಡುವೆ ಒಂದು ದಿನ ಕೇಳಿ. ಡೀಸೆಲ್ ದುಡ್ಡು ಹೊಲಿಗೆಯಿಂದ ನೀವೇ ಕೂಡಿಟ್ಟಿರಿ.