ಅಣುಸ್ಥಾವರದಲ್ಲಿ ಕೆಲಸ ಸಿಕ್ಕಿದೆ, ಆದರೆ ಹಾಕಿರೋದು ಪಂಪ್‌ಹೌಸಿಗೆ. ಕೆರಿಯರ್ ಹಾಳಾಗುತ್ತಾ?

ವಶೀಲಿ ಮಾಡಿಸಿ ರಿಯಾಕ್ಟರ್ ಕಡೆ ಹೋಗಲಾ ಅಂತಲೂ ಕೇಳಿದ್ದೀರಿ. ಓದಿ ನಗು ಬಂತು. ನಾನೂ ಇದೇ ಮುಖ ಹೊತ್ತುಕೊಂಡು ಪಂಪ್‌ಹೌಸಿಗೆ ಹೋದವನು. ನದಿ ದಂಡೆಯ ಸ್ಥಾವರವೇ. ಯಾವುದು ಅಂತ ಕೇಳಬೇಡಿ.

ಊರಲ್ಲಿ ಅಮ್ಮ "ಮಗ ಅಣುವಿಜ್ಞಾನಿ" ಅಂತ ಹೇಳಿಕೊಂಡು ಓಡಾಡುತ್ತಿದ್ದಳು. ಇಲ್ಲಿ ನಾನು ಗಮ್‌ಬೂಟು ಹಾಕಿಕೊಂಡು ಜಾಲರಿಯಿಂದ ಅಂತರಗಂಗೆ, ಬಿದಿರು, ಹರಿದ ಹವಾಯಿ ಚಪ್ಪಲಿ ಎತ್ತಿಸುತ್ತಿದ್ದೆ.

ಮೊದಲ ಮಳೆಗಾಲ, ರಾತ್ರಿ ಪಾಳಿ. ನದಿ ನೀರು ಒಳಗೆ ಬರುವಲ್ಲಿ ತಿರುಗುವ ಜಾಲರಿ ಇರುತ್ತದೆ, ಸ್ಕ್ರೀನ್ ಅಂತೀವಿ. ಅದರ ಆಚೆ ನೀರಿನ ಮಟ್ಟ ಎಷ್ಟು, ಈಚೆ ಎಷ್ಟು, ನಡುವಿನ ವ್ಯತ್ಯಾಸವನ್ನು ಒಂದು ಮೀಟರ್ ತೋರಿಸುತ್ತದೆ. ಕಸ ಕಟ್ಟಿದಷ್ಟೂ ವ್ಯತ್ಯಾಸ ಜಾಸ್ತಿ. ಮಿತಿ ಮೀರಿದರೆ ಸ್ಕ್ರೀನ್ ತಾನೇ ತಿರುಗಿ ತೊಳೆದುಕೊಳ್ಳುತ್ತದೆ. ಆ ರಾತ್ರಿ ಮುಳ್ಳು ಏರತೊಡಗಿತು. ಹಿಂದಿನ ವಾರ ಇದೇ ಮೀಟರಿನ ಪೈಪಿಗೆ ಹೂಳು ಸೇರಿ ತಪ್ಪು ತೋರಿಸಿತ್ತು. ಮತ್ತೆ ಅದೇ ರೋಗ ಅಂದುಕೊಂಡೆ. ಸ್ಕ್ರೀನ್ ಸುಮ್ನೆ ತಿರುಗಿ ಸವೆಯೋದು ಬೇಡ ಅಂತ ಆಟೋ ತೆಗೆದು ಮ್ಯಾನುಯಲ್‌ಗೆ ಹಾಕಿದೆ. ಲಾಗ್‌ಬುಕ್ಕಿನಲ್ಲಿ "ಮೀಟರ್ ಅನುಮಾನ" ಅಂತ ಬರೆದು ಚಹಾ ಕುಡಿದೆ.

ಅನುಮಾನ ಪಟ್ಟಿದ್ದು ತಪ್ಪಲ್ಲ, ಇದನ್ನು ಸರಿಯಾಗಿ ಕೇಳಿ. ಮೀಟರನ್ನು ನಂಬೋದಿಲ್ಲ ಅಂದಮೇಲೆ ಅದರ ಕೆಲಸ ನನ್ನ ತಲೆಗೆ ಬಂತು. ಟಾರ್ಚ್ ಹಿಡಿದು ನೂರು ಹೆಜ್ಜೆ ನಡೆದು ನೀರು ನೋಡಬೇಕಿತ್ತು. ಮಳೆ ಅಂತ ಹೋಗಲಿಲ್ಲ. ಎರಡನೇದು, ಹಿಂದಿನ ವಾರ ಮುಳ್ಳು ಒಂದೇ ಕಡೆ ಅಂಟಿಕೊಂಡಿತ್ತು. ಈ ಸಲ ನಿಧಾನಕ್ಕೆ ಏರುತ್ತಿತ್ತು. ಅಂದರೆ ರೋಗವೇ ಬೇರೆ. ಮೂರನೇದು, ಪಕ್ಕದಲ್ಲೇ ಪಂಪ್ ಮೋಟಾರಿನ ಆಂಪಿಯರ್ ಮುಳ್ಳು ನಡುಗುತ್ತಿತ್ತು. ಅದನ್ನು ವೋಲ್ಟೇಜ್ ಮೇಲೆ ಹಾಕಿ ಕೂತೆ. ಎರಡು ಮೀಟರ್ ಮಾತಾಡಿಕೊಂಡು ಸುಳ್ಳು ಹೇಳ್ತವಾ?

ಮುಕ್ಕಾಲು ಗಂಟೆಗೆ, ಸ್ಕ್ರೀನಿಗೆ ಕಸ ಕಟ್ಟಿ ನೀರು ಸಾಲದೆ, ಪಂಪ್ ಟ್ರಿಪ್ ಆಯಿತು. ಟರ್ಬೈನಿನ ಹಬೆಯನ್ನು ನದಿ ನೀರಿನಿಂದ ತಣಿಸಿ ಮತ್ತೆ ನೀರಾಗಿಸೋದು ಕಂಡೆನ್ಸರ್, ಅದರ ವ್ಯಾಕ್ಯೂಮ್ ಬಿತ್ತು, ಟರ್ಬೈನ್ ನಿಂತಿತು, ರಿಯಾಕ್ಟರನ್ನೂ ನಿಲ್ಲಿಸಿದರು. ಅಪಾಯ ಏನೂ ಆಗಲಿಲ್ಲ, ಅದನ್ನು ತಂಪಿಡೋಕೆ ಬೇರೆ ಪಂಪುಗಳಿದ್ದವು. ಆದರೆ ಭಾರಜಲದ ರಿಯಾಕ್ಟರನ್ನು ಹೆಚ್ಚುಕಡಿಮೆ ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸದಿದ್ದರೆ ಒಳಗೆ ಝೆನಾನ್ ಅನ್ನೋ ಅನಿಲ ಸೇರಿಕೊಂಡು ಅಣುಕ್ರಿಯೆಯನ್ನೇ ತಡೆಯುತ್ತದೆ. ಆಮೇಲೆ ಒಂದೂವರೆ ದಿನ ಕಾಯಲೇಬೇಕು. ಕಾದೆವು. ಶಿಫ್ಟ್ ಇನ್‌ಚಾರ್ಜ್ ಗದಗ ಕಡೆಯವರು, ಬೈಯಲಿಲ್ಲ. "ತಮ್ಮಾ, ಮೀಟರ್ ಸುಳ್ಳು ಹೇಳತೈತಿ ಅಂದಿ. ನೀರು ನೋಡಿ ಬಂದಿಯೇನು?" ಅಂದರು. ನನ್ನ ಪ್ರಮೋಷನ್ ಒಂದು ವರ್ಷ ಮುಂದೆ ಹೋಯಿತು.

"ಬರೀ ನೀರಿನ ಕೆಲಸ" ಅಂತ ಬರೆದಿದ್ದೀರಲ್ಲ, ಆ "ಬರೀ" ಅನ್ನೋದನ್ನು ನಾನು ಒಪ್ಪೋದಿಲ್ಲ. ನಮ್ಮ ಕೈಗಾ ನೋಡಿ. ಒಂದೊಂದು ಯೂನಿಟ್ 220 ಮೆಗಾವ್ಯಾಟ್, ಅಂಥವು ನಾಲ್ಕು. ಅಷ್ಟು ಕರೆಂಟಿಗೆ ರಿಯಾಕ್ಟರ್ ಮೂರು ಪಟ್ಟಿಗಿಂತ ಜಾಸ್ತಿ ಶಾಖ ಹುಟ್ಟಿಸಬೇಕು. ಮಿಕ್ಕಿದ್ದನ್ನೆಲ್ಲ ಹೊರೋದು ಕಾಳಿ ನದಿಯ ಕದ್ರಾ ಜಲಾಶಯದ ನೀರು. ಮೊದಲ ಯೂನಿಟ್ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತಲ್ಲ, ಅದರೊಳಗೆ ಮೂರು ಮಳೆಗಾಲ ಬಂದು ಹೋಗಿವೆ. ನೀರಿನ ಕಡೆ ಇದ್ದವರನ್ನು ಯಾರು ಕೇಳಿದರು ಹೇಳಿ.

ಫ್ರಾನ್ಸಿನ ರೋನ್ ನದಿ ದಂಡೆಯ ಕ್ರುಆಸ್ ಸ್ಥಾವರದ್ದು ನನ್ನದಕ್ಕಿಂತ ದೊಡ್ಡ ಕಥೆ. 2009ರ ಡಿಸೆಂಬರಿನಲ್ಲಿ ತೇಲಿಬಂದ ಗಿಡಗಂಟಿ 4ನೇ ಯೂನಿಟ್ಟಿಗೆ ನೀರು ಬರುವ ಬಾಯಿಯನ್ನೇ ಕಟ್ಟಿಬಿಟ್ಟಿತು. ರಿಯಾಕ್ಟರ್ ನಿಲ್ಲಿಸಿದ ಕೂಡಲೇ ಶಾಖ ಸೊನ್ನೆ ಆಗೋದಿಲ್ಲ, ಆ ಗಳಿಗೆಗೆ ಶೇ. 6ರಷ್ಟು ಇನ್ನೂ ಇರುತ್ತದೆ. ಅದನ್ನು ಹೊರುವ ನದಿ ನೀರೇ ಹಲವು ಗಂಟೆ ಇರಲಿಲ್ಲ. ಅಣು ಅವಘಡಗಳ ಅಂತರರಾಷ್ಟ್ರೀಯ ಅಳತೆಯಲ್ಲಿ (7 ಅಂದರೆ ಅತಿ ಘೋರ) ಅದು 2ನೇ ಮಟ್ಟದ ಘಟನೆ.

ವಶೀಲಿ ಬೇಡ. ಎರಡು ಮಳೆಗಾಲ ಅಲ್ಲೇ ಇರಿ, ಕಂಟ್ರೋಲ್ ರೂಮಿನ ಲೈಸೆನ್ಸ್ ಪರೀಕ್ಷೆಗೆ ಆಮೇಲೆ ಓದಿದರಾಯಿತು. ಮತ್ತೆ ಟಾರ್ಚ್ ಸ್ವಂತದ್ದು ತಗೊಳ್ಳಿ, ಪಂಪ್‌ಹೌಸಿನದ್ದರಲ್ಲಿ ಸೆಲ್ ಇರೋದಿಲ್ಲ.