‘ರೆಬೆಕ್ಕಾ’ ನಿಧಾನ ಅನ್ನಿಸಿದರೂ ಬಿಡಬೇಡಿ

ಡಾಫ್ನೆ ಡು ಮೊರಿಯೆ ನಿಮ್ಮ ಮೆಚ್ಚಿನ ಲೇಖಕಿ, ಆದರೆ ‘ರೆಬೆಕ್ಕಾ’ ಶುರು ಮಾಡಿ ಎಂಬತ್ತು ಪುಟ ಆದರೂ ಏನೂ ನಡೀತಿಲ್ಲ, ಮುಂದುವರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಮುಂದುವರಿಸಿ.

1938ರ ಈ ಕಾದಂಬರಿಯಲ್ಲಿ ಭಯ ಇರುವುದು ಘಟನೆಗಳಲ್ಲಿ ಅಲ್ಲ, ಕಥೆ ಹೇಳುವ ಹುಡುಗಿಯ ತಲೆಯೊಳಗೆ. ಅವಳ ಹೆಸರನ್ನು ಲೇಖಕಿ ಕೊನೆವರೆಗೂ ಹೇಳುವುದಿಲ್ಲ. ಅವಳ ಗಂಡನ ತೀರಿಕೊಂಡ ಮೊದಲ ಹೆಂಡತಿಯ ಹೆಸರು ಮಾತ್ರ ಪುಸ್ತಕದ ತಲೆಬರಹವೇ ಆಗಿದೆ! ಬದುಕಿರುವವಳೇ ನೆರಳಾಗಿಬಿಡುತ್ತಾಳೆ ಅಲ್ವಾ?

ಪಿಂಗಾಣಿ ಗೊಂಬೆ ಒಡೆಯುವ ಜಾಗಕ್ಕೆ ಬಂದಾಗ ಸ್ವಲ್ಪ ನಿಂತು ಓದಿ. ಗಂಡನ ಅಷ್ಟು ದೊಡ್ಡ ಮನೆಗೆ ಈಗ ಯಜಮಾನಿ ಈ ಹುಡುಗಿ. ಆದರೂ ಕೈತಪ್ಪಿ ಒಡೆದದ್ದರ ಚೂರುಗಳನ್ನು ಮೇಜಿನ ಡ್ರಾಯರ್‌ನಲ್ಲಿ ಬಚ್ಚಿಡುತ್ತಾಳೆ, ತಪ್ಪು ಮಾಡಿದ ಮಗುವಿನ ಹಾಗೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ನನಗಂತೂ ಹೊಟ್ಟೆಯೊಳಗೆ ಹಿಂಡಿದಂತಾಯಿತು. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ದೃಶ್ಯ ಅದೇ.

ದಿನಕ್ಕೆ ನಾಲ್ಕು ಪುಟ ಓದಿದರೆ ಈ ಬಿಗಿ ಸಿಗುವುದಿಲ್ಲ. ಒಂದೇ ಸಲ ಎರಡು ಮೂರು ಅಧ್ಯಾಯ ಓದಿ. ಸಮುದ್ರ, ಮಂಜು, ಹೂಗಳ ವರ್ಣನೆ ಬಂದಾಗ ಹಾರಿಸಬೇಡಿ. ಅವು ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ, ಮುಂದೆ ಕಥೆಗೆ ಬೇಕಾಗುತ್ತವೆ.

ಇನ್ನೊಂದು ಮಾತು. ಹಿಚ್‌ಕಾಕ್ 1940ರಲ್ಲಿ ಮಾಡಿದ ಸಿನಿಮಾ ಚೆನ್ನಾಗಿದೆ, ಆದರೆ ಈಗಲೇ ನೋಡಬೇಡಿ. ಕಥೆಯ ಒಂದು ಮುಖ್ಯ ಸಂಗತಿಯನ್ನು ಅದರಲ್ಲಿ ಬದಲಾಯಿಸಿದ್ದಾರೆ. ಪುಸ್ತಕ ಮುಗಿಸಿ ನೋಡಿ. ಮುಗಿದ ಮೇಲೆ ಮೊದಲ ಅಧ್ಯಾಯದ ಆ ಕನಸನ್ನು ಮತ್ತೊಮ್ಮೆ ಓದಿ, ಹೇಗನ್ನಿಸಿತು ಅಂತ ತಿಳಿಸ್ತೀರಾ?